ರೇಡಿಯಾಲಜಿ ವಿಭಾಗಕ್ಕೆ ಎಷ್ಟು ಜನ ಬೇಕು: ಕೆಲಸ ಅಳೆದು ನೇಮಕ ಮಾಡಿಕೊಳ್ಳುವ ಬಗೆ

ವೈದ್ಯಕೀಯ ಕಾಲೇಜಿನ ರೇಡಿಯಾಲಜಿ ವಿಭಾಗದ ಮುಖ್ಯಸ್ಥರಿಗೆ ಆಗಾಗ ಒಂದು ಪತ್ರ ಬರುತ್ತದೆ: ನಿಮ್ಮ ವಿಭಾಗಕ್ಕೆ ಬೇಕಾದ ಹುದ್ದೆಗಳ ಪ್ರಸ್ತಾವನೆಯನ್ನು ಸೂಕ್ತ ಸಮರ್ಥನೆಯೊಂದಿಗೆ ಸಲ್ಲಿಸಿ. ಈ ‘ಸೂಕ್ತ ಸಮರ್ಥನೆ’ಯನ್ನು ಬರೆಯುವುದು ಹೇಗೆಂದು ನಮಗೆ ಯಾರೂ ಕಲಿಸಿರುವುದಿಲ್ಲ. ಶ್ವಾಸಕೋಶದ ಗಂಟನ್ನು ಗುರುತಿಸಲು ಮೂರು ವರ್ಷದ ಎಂಡಿ ಓದಿನಲ್ಲಿ ಕಲಿಯುತ್ತೇವೆ, ಆದರೆ ಒಬ್ಬ ಮನುಷ್ಯ ಒಂದು ದಿನದಲ್ಲಿ ಎಷ್ಟು ಸಿಟಿಗಳನ್ನು ಎಚ್ಚರ ತಪ್ಪದೆ ಓದಬಲ್ಲ ಎಂಬುದನ್ನು ಅಳೆಯಲು ಕಲಿಯುವುದಿಲ್ಲ. ಕರಾವಳಿಯಲ್ಲಿಯೂ ಹೊರ ಜಿಲ್ಲೆಗಳಲ್ಲಿಯೂ ಬೋಧನಾ ಆಸ್ಪತ್ರೆಗಳಲ್ಲಿ ದುಡಿದ ಅನುಭವದಿಂದ, ಕೆಲಸವನ್ನು ಅಳೆಯುವ ಮತ್ತು ಆ ಅಳತೆಯ ಮೇಲೆ ನೇಮಕ ಮಾಡಿಕೊಳ್ಳುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಉತ್ತರ ಕನ್ನಡಕ್ಕೆ ಇದು ಸಣ್ಣ ವಿಷಯವಲ್ಲ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು 2016ರಲ್ಲಿ. ಅದಕ್ಕೆ ಮೊದಲೂ ಆಮೇಲೂ ಜಿಲ್ಲೆಯ ಗಂಭೀರ ರೋಗಿಗಳು ಗೋವಾದ ಬಾಂಬೋಳಿಗೆ, ಮಣಿಪಾಲಕ್ಕೆ, ಮಂಗಳೂರಿಗೆ, ಘಟ್ಟದ ಮೇಲಿನವರಾದರೆ ಹುಬ್ಬಳ್ಳಿಗೆ ಹೋಗುತ್ತಲೇ ಇದ್ದಾರೆ. ಯಂತ್ರವನ್ನು ಒಂದು ಮಂಜೂರಾತಿಯಲ್ಲಿ ತರಬಹುದು. ಆ ಯಂತ್ರದ ಮುಂದೆ ಕೂತು ವರದಿ ಬರೆಯುವವರು ಇಲ್ಲಿಗೆ ಬಂದು ಇಲ್ಲಿಯೇ ಉಳಿಯುವುದೇ ಕಷ್ಟದ ಕೆಲಸ.

ಮೊದಲು ಎಣಿಸಿ

ಬಹುತೇಕ ಪ್ರಸ್ತಾವನೆಗಳು ವರ್ಷದ ಒಟ್ಟು ಪರೀಕ್ಷೆಗಳ ಸಂಖ್ಯೆಯನ್ನು ಕೊಟ್ಟು ನಿಲ್ಲುತ್ತವೆ. ಇಷ್ಟು ಸಾವಿರ ಎಕ್ಸ್‌ರೇ, ಇಷ್ಟು ಸಾವಿರ ಸ್ಕ್ಯಾನಿಂಗ್ ಎಂದರೆ ಕಚೇರಿಯಲ್ಲಿ ಕೂತವರಿಗೆ ಏನೂ ತಿಳಿಯುವುದಿಲ್ಲ, ಏಕೆಂದರೆ ಎದೆಯ ಒಂದು ಎಕ್ಸ್‌ರೇಗೂ ಹೊಟ್ಟೆಯ ಒಂದು ಸಿಟಿಗೂ ಬೇಕಾಗುವ ಶ್ರಮ ಒಂದೇ ಅಲ್ಲ. ಅಮೆರಿಕದಲ್ಲಿ ಈ ವ್ಯತ್ಯಾಸವನ್ನು ಹಿಡಿಯಲು ಪ್ರತಿ ಪರೀಕ್ಷೆಗೂ ಒಂದೊಂದು ತೂಕ ಕೊಡುವ ಪದ್ಧತಿಯಿದೆ. ಅದನ್ನು ಆರ್‌ವಿಯು (ಸಾಪೇಕ್ಷ ಮೌಲ್ಯದ ಘಟಕ) ಎನ್ನುತ್ತಾರೆ, ಅಲ್ಲಿಯ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಯೋಜನೆ ವೈದ್ಯರಿಗೆ ಹಣ ಪಾವತಿಸಲು 1992ರಿಂದ ಅದನ್ನು ಬಳಸುತ್ತಿದೆ. ಅಲ್ಲಿಯ ಬೋಧನಾ ವಿಭಾಗಗಳು ಇದೇ ಲೆಕ್ಕದಲ್ಲಿ ತಮ್ಮ ಅಧ್ಯಾಪಕರ ಕೆಲಸವನ್ನು ಹೋಲಿಸಿಕೊಳ್ಳುತ್ತವೆ. ಆದರೆ ಅದು ಬಿಲ್ಲಿಗಾಗಿ ಹುಟ್ಟಿದ ಅಳತೆ, ವಿದ್ಯಾರ್ಥಿಗೆ ಕಲಿಸಿದ ಅರ್ಧ ಗಂಟೆ ಅದರಲ್ಲಿ ಕಾಣುವುದಿಲ್ಲ. ಬ್ರಿಟನ್ನಿನಲ್ಲಿ ಹಿರಿಯ ವೈದ್ಯರ ವಾರವನ್ನು ನಾಲ್ಕು ಗಂಟೆಯ ಹತ್ತು ಅವಧಿಗಳಾಗಿ ವಿಂಗಡಿಸಿ, ಯಾವ ಅವಧಿಯಲ್ಲಿ ಯಾವ ಕೆಲಸ ಎಂದು ಮೊದಲೇ ಬರೆದಿಡುತ್ತಾರೆ. ನಮ್ಮ ಕಾಲೇಜುಗಳಿಗೆ ಈ ಎರಡನೆಯ ಕ್ರಮ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಇದರಲ್ಲಿ ಪಾಠ, ಪರೀಕ್ಷೆ, ಸಂಶೋಧನೆ ಎಲ್ಲಕ್ಕೂ ಜಾಗವಿದೆ, ಯಾವುದನ್ನೂ ಮನೆಗೆ ಹೋದ ಮೇಲೆ ಮಾಡಿಕೊಳ್ಳಿ ಎಂದು ಬಿಡಲಾಗುವುದಿಲ್ಲ.

ಎಣಿಸುವುದಕ್ಕೆ ತಂತ್ರಾಂಶವೇನೂ ಬೇಡ. ಎರಡು ವಾರಗಳ ಕಾಲ ವರದಿ ಕೋಣೆಯಲ್ಲಿ, ಅಲ್ಟ್ರಾಸೌಂಡ್ ಕೋಣೆಯಲ್ಲಿ, ಸಿಟಿ ಯಂತ್ರವನ್ನು ನಡೆಸುವ ಮೇಜಿನ, ಅಂದರೆ ಕನ್ಸೋಲಿನ ಪಕ್ಕದಲ್ಲಿ ಒಂದೊಂದು ನೋಟ್‌ಬುಕ್ ಇಡಿ. ಪ್ರತಿ ಪರೀಕ್ಷೆ ಆರಂಭವಾದ ಸಮಯ, ವರದಿಗೆ ಸಹಿ ಬಿದ್ದ ಸಮಯ, ನಡುವೆ ಎಷ್ಟು ಬಾರಿ ಕೆಲಸ ನಿಂತಿತು ಎಂಬುದನ್ನು ಬರೆಸಿ. ಈ ಮೂರನೆಯ ಕಾಲಂ ಬಹಳ ಮುಖ್ಯ. ನಾವು ಹೀಗೆ ಬರೆಸಿದಾಗ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡರ ನಡುವೆ, ಹೊಟ್ಟೆಯ ಸಿಟಿ ಓದುತ್ತಿದ್ದ ಸಹೋದ್ಯೋಗಿಯನ್ನು ಹನ್ನೊಂದು ಬಾರಿ ನಡುವೆ ತಡೆದದ್ದು ದಾಖಲಾಯಿತು. ಶಸ್ತ್ರಚಿಕಿತ್ಸಾ ವಿಭಾಗದಿಂದ ಫೋನು, ಮೂಳೆ ವಿಭಾಗದ ಇಂಟರ್ನ್ ಕೈಯಲ್ಲಿ ಫಿಲ್ಮ್ ಹಿಡಿದು ‘ಸರ್, ಒಂದು ನಿಮಿಷ’ ಎಂದದ್ದು, ಚಿತ್ರ ಸ್ಪಷ್ಟವಾಗಲೆಂದು ಚುಚ್ಚುವ ಕಾಂಟ್ರಾಸ್ಟ್ ಮದ್ದು ಕೊಡುವ ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಲು ನರ್ಸ್ ಕರೆದದ್ದು, ತುರ್ತು ಸ್ಕ್ಯಾನಿಂಗಿಗೆ ಸಹಿ, ವರದಿ ಬೇಗ ಕೊಡಿ ಎಂದು ಬಾಗಿಲಲ್ಲಿ ನಿಂತ ಸಂಬಂಧಿಕರು. ಪ್ರತಿಯೊಂದೂ ನ್ಯಾಯವಾದ ಬೇಡಿಕೆಯೇ. ಆದರೆ ಪ್ರತಿ ಬಾರಿ ತಲೆಯೆತ್ತಿ ಮತ್ತೆ ಪರದೆಯ ಕಡೆ ತಿರುಗುವಾಗ ಆ ಸಹೋದ್ಯೋಗಿ ಯಕೃತ್ತನ್ನು ಮೊದಲಿನಿಂದ ನೋಡಬೇಕಾಗುತ್ತಿತ್ತು. ಆ ಒಂದು ಪುಟ ನಮ್ಮ ಮುಂದಿನ ಪ್ರಸ್ತಾವನೆಯ ಅತ್ಯಂತ ಬಲವಾದ ಪುಟವಾಯಿತು: ವರದಿ ಮಾಡುವವರಿಂದ ಪ್ರತ್ಯೇಕವಾಗಿ, ವಿಚಾರಣೆಗಳಿಗೆ ಉತ್ತರಿಸಲೆಂದೇ ದಿನಕ್ಕೊಬ್ಬರನ್ನು ಕೂರಿಸಬೇಕೆಂದು ಅದನ್ನು ತೋರಿಸಿ ಕೇಳಿದೆವು.

ನೋಟ್‌ಬುಕ್ಕಿನಿಂದ ಹುದ್ದೆಗೆ ಬರುವ ಲೆಕ್ಕ ಹೀಗಿದೆ. ಉದಾಹರಣೆಗೆ, ಒಂದು ವಿಭಾಗದಲ್ಲಿ ದಿನಕ್ಕೆ 120 ಎಕ್ಸ್‌ರೇ, 50 ಅಲ್ಟ್ರಾಸೌಂಡ್, 25 ಸಿಟಿ, 8 ಎಂಆರ್‌ಐ ಆಗುತ್ತವೆ ಎಂದಿಟ್ಟುಕೊಳ್ಳಿ. ಅಲ್ಲಿಯ ನೋಟ್‌ಬುಕ್ಕಿನ ಪ್ರಕಾರ ಒಂದು ಎಕ್ಸ್‌ರೇ ವರದಿಗೆ ಎರಡೂವರೆ ನಿಮಿಷ, ಅಲ್ಟ್ರಾಸೌಂಡಿಗೆ 15, ಸಿಟಿಗೆ 20, ಎಂಆರ್‌ಐಗೆ 25 ನಿಮಿಷ ಬೇಕಾದರೆ, ಒಟ್ಟು 1,750 ನಿಮಿಷಗಳಾಗುತ್ತವೆ. ಏಳು ಗಂಟೆಯ ದಿನದಲ್ಲಿ ಪಾಠ, ಚರ್ಚಾಸಭೆ, ಊಟ, ಕಾಗದಪತ್ರ ಕಳೆದು ಒಬ್ಬ ಅಧ್ಯಾಪಕರಿಗೆ ವರದಿಗೆಂದು ನಾಲ್ಕೂವರೆ ಗಂಟೆ, ಅಂದರೆ 270 ನಿಮಿಷ ಉಳಿಯುತ್ತದೆ ಎಂದರೆ, ಸುಮಾರು ಆರೂವರೆ ಜನ ಬೇಕು. ಇಲ್ಲಿಗೆ ನಿಲ್ಲಿಸಬಾರದು. ವಿಭಾಗ ವರ್ಷಕ್ಕೆ 300 ದಿನ ನಡೆದು, ರಜೆ, ಪರೀಕ್ಷಾ ಕರ್ತವ್ಯ, ನ್ಯಾಯಾಲಯದ ಸಾಕ್ಷ್ಯ ಇವೆಲ್ಲ ಕಳೆದು ಒಬ್ಬರು 240 ದಿನ ಮಾತ್ರ ಸಿಗುವುದಾದರೆ, ಆ ಆರೂವರೆಯನ್ನು ಒಂದೂಕಾಲರಿಂದ ಗುಣಿಸಬೇಕು. ಆಗ ಎಂಟು ಜನರೆಂಬ ಉತ್ತರ ಬರುತ್ತದೆ. ಈ ನಿಮಿಷಗಳನ್ನು ನನ್ನಿಂದ ನಕಲು ಮಾಡಿಕೊಳ್ಳಬೇಡಿ. ಅವು ನಿಮ್ಮ ನೋಟ್‌ಬುಕ್ಕಿನಿಂದಲೇ ಬರಬೇಕು, ಇಲ್ಲವಾದರೆ ಮೊದಲ ಪ್ರಶ್ನೆಗೇ ನಿಮ್ಮ ಲೆಕ್ಕ ಕುಸಿಯುತ್ತದೆ.

ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಈ ಲೆಕ್ಕದಲ್ಲಿ ಪೂರ್ಣ ಕೈಗಳೆಂದು ಹಿಡಿಯುವುದು ನಾವು ಮಾಡುವ ದೊಡ್ಡ ತಪ್ಪು. ಮೊದಲ ವರ್ಷದ ವಿದ್ಯಾರ್ಥಿ ಬರೆದ ವರದಿಯನ್ನು ಹಿರಿಯರು ಮತ್ತೊಮ್ಮೆ ಪೂರ್ತಿ ಓದಿ, ತಿದ್ದಿ, ಏಕೆ ತಿದ್ದಿದೆವೆಂದು ವಿವರಿಸಬೇಕು. ಇದರಿಂದ ಹಿರಿಯರ ಸಮಯ ಉಳಿಯುವುದಿಲ್ಲ, ಹೆಚ್ಚಿಗೆ ಖರ್ಚಾಗುತ್ತದೆ, ಮತ್ತು ಹಾಗೆ ಖರ್ಚಾಗುವುದೇ ಸರಿ. ನಾನು ಮೊದಲ ವರ್ಷದವರನ್ನು ಸೊನ್ನೆಯೆಂದೂ ಕೊನೆಯ ವರ್ಷದವರನ್ನು ಅರ್ಧವೆಂದೂ ಎಣಿಸುತ್ತೇನೆ. ಮೂರು ವರ್ಷಗಳ ಅವಧಿಯಲ್ಲಿ ಮೂರು ತಿಂಗಳು ಅವರು ಜಿಲ್ಲಾ ಆಸ್ಪತ್ರೆಯಲ್ಲಿ ದುಡಿಯುವ ಜಿಲ್ಲಾ ರೆಸಿಡೆನ್ಸಿ ಕಾರ್ಯಕ್ರಮಕ್ಕೆ ಹೋಗಿರುತ್ತಾರೆಂಬುದನ್ನೂ ಮರೆಯಬಾರದು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಗಳು ವಿದ್ಯಾರ್ಥಿಗಳಿಗೆ ಸಮಂಜಸವಾದ ಕೆಲಸದ ಅವಧಿ, ವಿಶ್ರಾಂತಿ ಮತ್ತು ವಾರಕ್ಕೊಂದು ರಜೆ ಇರಬೇಕೆಂದು ಹೇಳುತ್ತವೆ. ವಾರದ ರಜೆಯಿಲ್ಲದೆ ತಯಾರಿಸಿದ ಡ್ಯೂಟಿ ಪಟ್ಟಿಗೆ ಸಹಿ ಹಾಕುವ ಮುಖ್ಯಸ್ಥರು ಹುದ್ದೆಯ ಕೊರತೆಯನ್ನು ಮಕ್ಕಳ ಬೆನ್ನ ಮೇಲೆ ಹೊರಿಸುತ್ತಿದ್ದಾರೆ ಎಂದೇ ನಾನು ತಿಳಿಯುತ್ತೇನೆ.

ಟೆಕ್ನಿಷಿಯನ್ನರ ಲೆಕ್ಕ ಇದಕ್ಕಿಂತ ಸುಲಭ, ಆದರೂ ಹೆಚ್ಚು ಕಡೆ ತಪ್ಪುತ್ತದೆ. ಇಪ್ಪತ್ನಾಲ್ಕು ಗಂಟೆ ನಡೆಯುವ ಒಂದು ಸಿಟಿ ಯಂತ್ರಕ್ಕೆ ವಾರದಲ್ಲಿ 168 ಗಂಟೆಗಳ ಕೆಲಸವಿದೆ. ಒಬ್ಬರಿಗೆ 48 ಗಂಟೆ ಎಂದರೂ ಮೂರೂವರೆ ಜನರಾಗುತ್ತಾರೆ, ರಜೆ ಸೇರಿಸಿದರೆ ನಾಲ್ಕೂವರೆಯ ಹತ್ತಿರ. ಮೂರು ಪಾಳಿಗೆ ಮೂವರು ಸಾಕೆಂಬ ಲೆಕ್ಕದಲ್ಲಿ ಯಾರಿಗೋ ಜ್ವರ ಬಂದ ದಿನ ಇನ್ನೊಬ್ಬರು ಹದಿನಾರು ಗಂಟೆ ನಿಲ್ಲಬೇಕಾಗುತ್ತದೆ. ಎಂಆರ್‌ಐ ಕೋಣೆಯ ಬಾಗಿಲಿಗೆ ಇನ್ನೊಬ್ಬರು ಖಂಡಿತ ಬೇಕು, ಏಕೆಂದರೆ ಯಂತ್ರದ ಅಯಸ್ಕಾಂತ ಸೆಳೆದುಕೊಳ್ಳುವ ಆಮ್ಲಜನಕದ ಸಿಲಿಂಡರ್ ತಳ್ಳಿಕೊಂಡು ಒಳಗೆ ಬರುವವರನ್ನು ತಡೆಯುವ ಕೆಲಸವನ್ನು ಕನ್ಸೋಲಿನ ಮುಂದೆ ಕೂತವರು ಮಾಡಲಾರರು.

ನಮ್ಮ ಜಿಲ್ಲೆಯ ಗಡಿಯಾರ

ದಿನದ ಸರಾಸರಿಯನ್ನು ಮಾತ್ರ ನೋಡಿದರೆ ಇಲ್ಲಿಯ ಕೆಲಸದ ರೂಪ ಕಾಣುವುದಿಲ್ಲ. ಸಿದ್ದಾಪುರದಿಂದಲೋ ಶಿರಸಿಯಿಂದಲೋ ದೇವಿಮನೆ ಘಟ್ಟ ಇಳಿದು ಬರುವವರು, ಯಲ್ಲಾಪುರದಿಂದ ಅರಬೈಲು ಘಟ್ಟದ ಮೂಲಕ ಬರುವವರು, ಜೋಯಿಡಾದಿಂದ ಅಣಶಿ ಘಟ್ಟ ಇಳಿಯುವವರು ಕಾರವಾರ ತಲುಪುವಾಗ ಹೊತ್ತು ಏರಿರುತ್ತದೆ. ಹೊರರೋಗಿ ಚೀಟಿ ಮಾಡಿಸಿ, ವೈದ್ಯರನ್ನು ಕಂಡು, ಸ್ಕ್ಯಾನಿಂಗ್ ಕೋಣೆಯ ಮುಂದೆ ನಿಲ್ಲುವಷ್ಟರಲ್ಲಿ ಮಧ್ಯಾಹ್ನವಾಗುತ್ತಾ ಬಂದಿರುತ್ತದೆ, ಮತ್ತು ಸಂಜೆಯ ಬಸ್ಸಿಗೆ ಅವರು ವರದಿ ಕೈಯಲ್ಲಿ ಹಿಡಿದು ಹೊರಡಬೇಕು. ಬೆಳಿಗ್ಗೆ ಒಂಬತ್ತಕ್ಕೆ ಖಾಲಿಯಿದ್ದ ಬೆಂಚು ಹನ್ನೊಂದೂವರೆಗೆ ತುಂಬುತ್ತದೆ. ಹೀಗಿರುವಲ್ಲಿ ಎಲ್ಲರನ್ನೂ ಒಂಬತ್ತರಿಂದ ನಾಲ್ಕರವರೆಗೆ ಒಂದೇ ಸಮನೆ ಕೂರಿಸುವ ಬದಲು, ಪಾಠ ಮತ್ತು ಚರ್ಚಾಸಭೆಗಳನ್ನು ಬೆಳಗಿನ ಮೊದಲ ಗಂಟೆಗೆ ತಂದು, ಹನ್ನೊಂದರಿಂದ ಎರಡೂವರೆಯವರೆಗೆ ಅಲ್ಟ್ರಾಸೌಂಡಿಗೆ ಒಬ್ಬರನ್ನು ಹೆಚ್ಚಿಗೆ ಹಾಕುವುದು ಫಲ ಕೊಡುತ್ತದೆ. ನಿಮ್ಮ ಊರಿನ ಬಸ್ಸಿನ ವೇಳಾಪಟ್ಟಿಯನ್ನು ಡ್ಯೂಟಿ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ.

ವರ್ಷಕ್ಕೂ ಹೀಗೆಯೇ ಒಂದು ಏರಿಳಿತವಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ, ವರ್ಷವೆಲ್ಲ ಬೋಟಿನಲ್ಲಿ ದುಡಿದು ಬೆನ್ನುನೋವು ಮುಂದೂಡಿದವರು ಬರುತ್ತಾರೆ. ಅದೇ ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯಲು ಜಾರುವ ಅಡಿಕೆ ಮರ ಏರಿ ಬಿದ್ದವರನ್ನು, ಆಮೇಲೆ ಕೊಯ್ಲಿನಲ್ಲಿ ಬಿದ್ದ ಕೊನೆಗೌಡರನ್ನು, ಅಂದರೆ ಅಡಿಕೆ ಕೊನೆ ಇಳಿಸುವವರನ್ನು, ಹಲಗೆಯ ಮೇಲೆ ಮಲಗಿಸಿ ತರುತ್ತಾರೆ. ಅವರಿಗೆ ಬೆನ್ನುಹುರಿಯ ಎಂಆರ್‌ಐ ತುರ್ತಾಗಿ ಬೇಕಾಗುತ್ತದೆ, ರಾತ್ರಿಯೂ ಬೇಕಾಗುತ್ತದೆ. ಹೆದ್ದಾರಿ 66ರ ಅಪಘಾತಗಳಿಗಂತೂ ಕಾಲವಿಲ್ಲ.

ಸಿಬ್ಬಂದಿ ಎಲ್ಲಿ ವಾಸಿಸುತ್ತಾರೆಂಬುದೂ ಲೆಕ್ಕಕ್ಕೆ ಸೇರಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಸುಮಾರು ಮೂರು ವಾರಗಳ ನಂತರ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಕುಮಟಾ ಕಡೆಯಿಂದ ದಿನವೂ ಓಡಾಡುವವರನ್ನೇ ರಾತ್ರಿ ಪಾಳಿಗೆ ಹಾಕಿದ್ದರೆ ಅಂಥ ದಿನ ಯಂತ್ರದ ಮುಂದೆ ಯಾರೂ ಇರುವುದಿಲ್ಲ. ಮಳೆಗಾಲದ ಡ್ಯೂಟಿ ಪಟ್ಟಿಯನ್ನು ಪ್ರತ್ಯೇಕವಾಗಿ ತಯಾರಿಸಿ, ಪ್ರತಿ ರಾತ್ರಿಗೂ ನಡೆದು ಬರುವ ದೂರದಲ್ಲಿರುವ ಒಬ್ಬ ಟೆಕ್ನಿಷಿಯನ್ ಮತ್ತು ಒಬ್ಬ ವೈದ್ಯರ ಹೆಸರು ಅದರಲ್ಲಿರುವಂತೆ ನೋಡಿಕೊಳ್ಳಿ. ವಸತಿಗೃಹ ಕೇಳುವಾಗಲೂ ಇದನ್ನೇ ಕಾರಣವಾಗಿ ಬರೆಯಿರಿ.

ಜಾಹೀರಾತಿನಲ್ಲಿ ನಿಜ ಬರೆಯಿರಿ

ಹೊರ ಜಿಲ್ಲೆಯ ಕಾಲೇಜೊಂದರಲ್ಲಿ ನಾನು ಹೊಸದಾಗಿ ಸೇರಿದಾಗ, ಸಂದರ್ಶನದಲ್ಲಿ ರಾತ್ರಿ ಕರೆ ತಿಂಗಳಿಗೆ ನಾಲ್ಕು ಎಂದಿದ್ದರು. ಸೇರಿದ ಮೇಲೆ ತಿಳಿದದ್ದು, ಆ ಲೆಕ್ಕ ಮಂಜೂರಾದ ಹುದ್ದೆಗಳದ್ದೇ ಹೊರತು ಹಾಜರಿದ್ದ ಜನರದ್ದಲ್ಲ. ಹಾಜರಿದ್ದವರು ಮೂವರು, ಹಾಗಾಗಿ ತಿಂಗಳಿಗೆ ಹತ್ತು ರಾತ್ರಿ. ಕೆಲಸಕ್ಕೆ ನಾನು ಹೆದರಿರಲಿಲ್ಲ, ನಿಜ ಹೇಳಲಿಲ್ಲವೆಂಬುದೇ ಮನಸ್ಸಿಗೆ ನೋವು ಕೊಟ್ಟಿತು. ಒಂದೂವರೆ ವರ್ಷದಲ್ಲಿ ಮೂವರೂ ಬೇರೆ ಬೇರೆ ಕಾರಣ ಬರೆದು ಹೊರಬಂದೆವು. ಸಂಬಳ ಕಡಿಮೆಯೆಂದು ಬಿಟ್ಟುಹೋದವರಿಗಿಂತ, ಹೇಳಿದ್ದೊಂದು ಕಂಡದ್ದೊಂದು ಎಂದು ಬಿಟ್ಟುಹೋದವರನ್ನೇ ನಾನು ಹೆಚ್ಚು ಕಂಡಿದ್ದೇನೆ.

ಆದ್ದರಿಂದ ಅಧಿಸೂಚನೆಯ ಜೊತೆ, ಅದರಲ್ಲಿ ಜಾಗವಿಲ್ಲದಿದ್ದರೆ ಪ್ರತ್ಯೇಕ ಹಾಳೆಯಲ್ಲಿ, ಈಗ ಹಾಜರಿರುವವರ ಸಂಖ್ಯೆ, ಆ ಸಂಖ್ಯೆಯಲ್ಲಿ ತಿಂಗಳಿಗೆ ಬೀಳುವ ರಾತ್ರಿಗಳು, ವಾರದ ಯಾವ ಅವಧಿಯಲ್ಲಿ ಯಾವ ಕೆಲಸ, ಪಾಠದ ಗಂಟೆಗಳು, ಯಂತ್ರಗಳ ವಿವರ, ಹುದ್ದೆ ಕಾಯಮ್ಮೋ ಗುತ್ತಿಗೆಯೋ ಎಂಬುದು, ವಸತಿಯ ಸ್ಥಿತಿ ಎಲ್ಲವನ್ನೂ ಬರೆಯಿರಿ. ಮೀಸಲಾತಿಯ ರೋಸ್ಟರ್ ಬಿಂದುವನ್ನು, ಅಂದರೆ ಆ ಹುದ್ದೆ ಯಾವ ವರ್ಗಕ್ಕೆ ಸೇರಿದ್ದೆಂಬುದನ್ನು, ಮೊದಲೇ ಖಚಿತಪಡಿಸಿಕೊಂಡಿರಬೇಕು, ಇಲ್ಲದಿದ್ದರೆ ಆಯ್ಕೆಯಾದ ಮೇಲೆ ಇಡೀ ಪ್ರಕ್ರಿಯೆ ನಿಲ್ಲುತ್ತದೆ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಎಂಡಿ ಮುಗಿಸಿ ಒಂದು ವರ್ಷ ಸೀನಿಯರ್ ರೆಸಿಡೆಂಟ್ ಆಗಿರಬೇಕೆಂಬುದು ಸಾಮಾನ್ಯ ನಿಯಮವಾದ್ದರಿಂದ, ನಿಮ್ಮಲ್ಲಿ ಈಗಿರುವ ಸೀನಿಯರ್ ರೆಸಿಡೆಂಟರೇ ಮುಂದಿನ ವರ್ಷದ ಅಭ್ಯರ್ಥಿಗಳು. ಕರ್ನಾಟಕದ 2012ರ ಕಡ್ಡಾಯ ಸೇವಾ ಕಾಯಿದೆಯ ಮೂಲಕ ಒಂದು ವರ್ಷಕ್ಕೆಂದು ಬರುವ ಯುವವೈದ್ಯರನ್ನು ‘ಹೇಗೂ ಹೋಗುವವರು’ ಎಂದು ನಡೆಸಿಕೊಂಡರೆ ಅವರು ಹೋಗುತ್ತಾರೆ. ಒಂದು ಸಂಶೋಧನಾ ವಿಷಯ ಕೊಟ್ಟು, ಒಂದು ತರಗತಿ ಕೊಟ್ಟು, ಪತಿ ಅಥವಾ ಪತ್ನಿಯ ಉದ್ಯೋಗದ ಬಗ್ಗೆ ಆರನೆಯ ತಿಂಗಳಲ್ಲಿಯೇ ಕೂತು ಮಾತಾಡಿದರೆ ಕೆಲವರಾದರೂ ಉಳಿಯುತ್ತಾರೆ.

ಟೆಕ್ನಿಷಿಯನ್ನರ ವಿಷಯದಲ್ಲಿ ಜಿಲ್ಲೆಯ ಒಳಗೇ ಹುಡುಕಿ. ಪ್ಯಾರಾಮೆಡಿಕಲ್ ಮಂಡಳಿಯ ಎಕ್ಸ್‌ರೇ ಡಿಪ್ಲೊಮಾ ಮಾಡಿದವರು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಇಮೇಜಿಂಗ್ ಟೆಕ್ನಾಲಜಿ ಬಿಎಸ್ಸಿ ಮಾಡಿದವರು ಹೊನ್ನಾವರದಲ್ಲಿ, ಶಿರಸಿಯಲ್ಲಿ, ಹಳಿಯಾಳದಲ್ಲಿ ಇದ್ದಾರೆ, ಅವರಲ್ಲಿ ಹಲವರು ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿಕೊಂಡು ದುಡಿಯುತ್ತಿದ್ದಾರೆ. ಕೊಂಕಣಿ ಬಲ್ಲವರಿದ್ದರೆ ಅದನ್ನು ಅಪೇಕ್ಷಿತ ಅರ್ಹತೆಯೆಂದು ಬರೆಯಿರಿ. ಉಸಿರು ಎಳೆದು ಹಿಡಿದುಕೊಳ್ಳಿ ಎಂಬ ಮಾತು ಅರ್ಥವಾಗದೆ ಅಲುಗಾಡಿದ ಅಜ್ಜಿಗೆ ಎರಡನೆಯ ಬಾರಿ ಎಕ್ಸ್‌ರೇ ತೆಗೆಯಬೇಕಾಗುತ್ತದೆ, ಅಂದರೆ ಬೇಡದ ವಿಕಿರಣ ಮತ್ತು ಬೇಡದ ಐದು ನಿಮಿಷ.

ಸಂದರ್ಶನದ ದಿನ

ಪ್ರಮಾಣಪತ್ರ ನೋಡಿ ಎರಡು ಪ್ರಶ್ನೆ ಕೇಳಿ ಕಳಿಸುವ ಸಂದರ್ಶನದಿಂದ ಏನೂ ತಿಳಿಯುವುದಿಲ್ಲ. ವೈದ್ಯರಿಗೆ, ಹೆಸರು ಅಳಿಸಿದ ಹತ್ತು ಹಳೆಯ ಸಿಟಿ ಮತ್ತು ಎಕ್ಸ್‌ರೇಗಳನ್ನು ಕೊಟ್ಟು ಒಂದು ಗಂಟೆಯಲ್ಲಿ ವರದಿ ಬರೆಸಿ. ಅದರಲ್ಲಿ ಎರಡು ಸಂಪೂರ್ಣ ಸಹಜವಾಗಿರಲಿ. ಇಲ್ಲದ ರೋಗವನ್ನು ಕಾಣುವವರು ಯಾರು, ಸಂಶಯವಿದ್ದಾಗ ಸಂಶಯವೆಂದೇ ಬರೆಯುವವರು ಯಾರು ಎಂಬುದು ಅಲ್ಲಿ ತಿಳಿಯುತ್ತದೆ. ಅಲ್ಟ್ರಾಸೌಂಡ್ ಕೌಶಲ ನೋಡಲೆಂದು ಅಭ್ಯರ್ಥಿಯ ಕೈಗೆ ಪ್ರೋಬ್ ಕೊಟ್ಟು ಗರ್ಭಿಣಿಯರನ್ನು ಪರೀಕ್ಷೆ ಮಾಡಿಸಬಾರದು. 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯಿದೆಯಡಿ ಆ ಕೇಂದ್ರದ ನೋಂದಣಿಯಲ್ಲಿ ಹೆಸರಿಲ್ಲದವರು ಅದನ್ನು ಮಾಡುವಂತಿಲ್ಲ. ಈ ಕಾಯಿದೆಯ ನಿಯಮದಂತೆ ಸಿಬ್ಬಂದಿಯ ಬದಲಾವಣೆಯನ್ನು ಮೂವತ್ತು ದಿನ ಮೊದಲೇ ತಿಳಿಸಬೇಕು, ಮತ್ತು ಒಬ್ಬ ವೈದ್ಯರು ಒಂದು ಜಿಲ್ಲೆಯಲ್ಲಿ ಎರಡಕ್ಕಿಂತ ಹೆಚ್ಚು ಕೇಂದ್ರಗಳಲ್ಲಿ ನೋಂದಾಯಿಸಿಕೊಳ್ಳುವಂತಿಲ್ಲ. ಹಾಗಾಗಿ ಅಭ್ಯರ್ಥಿ ಈಗಾಗಲೇ ಎಲ್ಲೆಲ್ಲಿ ನೋಂದಾಯಿಸಿದ್ದಾರೆಂದು ಸಂದರ್ಶನದಲ್ಲಿಯೇ ಕೇಳಿ, ಆಯ್ಕೆಯಾದ ದಿನವೇ ಅರ್ಜಿ ಕಳಿಸಿ. ಇದನ್ನು ಮರೆತರೆ ಹೊಸಬರು ಸೇರಿದ ಮೇಲೂ ಒಂದು ತಿಂಗಳು ಅಲ್ಟ್ರಾಸೌಂಡ್ ಕೋಣೆಯ ಹೊರಗೇ ಇರಬೇಕಾಗುತ್ತದೆ.

ಟೆಕ್ನಿಷಿಯನ್ನರಿಗೆ ನಾವು ಒಂದು ಸಣ್ಣ ಪ್ರಯೋಗ ಇಟ್ಟಿದ್ದೆವು. ನಮ್ಮ ನರ್ಸ್ ಒಬ್ಬರು ಬಟ್ಟೆಯ ಗೊಂಬೆಯನ್ನು ಮಗುವಿನಂತೆ ಎತ್ತಿಕೊಂಡು ತಾಯಿಯಾಗಿ ಬರುತ್ತಿದ್ದರು. ಅಭ್ಯರ್ಥಿ ಎದೆಯ ಎಕ್ಸ್‌ರೇಗೆ ಎಲ್ಲವನ್ನೂ ಸಿದ್ಧಪಡಿಸಬೇಕು, ಬಟನ್ ಒತ್ತುವುದು ಬೇಡ. ಹೆಚ್ಚಿನವರು ನೇರ ಯಂತ್ರದ ಕಡೆ ಹೋಗಿ ವಿಕಿರಣದ ಪ್ರಮಾಣವನ್ನು ಹೊಂದಿಸಿದರು. ಒಬ್ಬ ಹುಡುಗಿ ಮಾತ್ರ ಮೊದಲು ಚೀಟಿಯ ಹೆಸರನ್ನು ಕೇಳಿ ಖಚಿತಪಡಿಸಿಕೊಂಡಳು, ತಗ್ಗಿದ ದನಿಯಲ್ಲಿ ‘ಅಕ್ಕಾ, ನೀವು ಬಸುರಿಯಾ?’ ಎಂದು ವಿಚಾರಿಸಿದಳು, ಸೀಸದ ಏಪ್ರನ್ ತೊಡಿಸಿ ಹಿಂದಿನ ಪಟ್ಟಿಯನ್ನು ತಾನೇ ಕಟ್ಟಿದಳು, ಜೊತೆಗಿದ್ದವರನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿದಳು. ಎಲ್ಲ ಮುಗಿದ ಮೇಲೆ ಏಪ್ರನ್ನನ್ನು ಮಡಚದೆ ಕಂಬಿಗೆ ತೂಗುಹಾಕಿದಳು. ಮಡಚಿದರೆ ಒಳಗಿನ ಸೀಸದ ಪದರ ಬಿರುಕು ಬಿಡುತ್ತದೆ. ಅಂಕಪಟ್ಟಿಯಲ್ಲಿ ಆಕೆ ನಾಲ್ಕನೆಯವಳಾಗಿದ್ದಳು, ಆ ಪ್ರಯೋಗಕ್ಕೆ ಅಂಕ ನಿಗದಿಪಡಿಸಿದ್ದರಿಂದಲೇ ಆಯ್ಕೆಯಾದಳು. ಅಂಕ ನಿಗದಿಯನ್ನು ಅಧಿಸೂಚನೆಯಲ್ಲಿಯೇ ಪ್ರಕಟಿಸಿರಬೇಕೆಂಬುದನ್ನು ಮರೆಯಬೇಡಿ.

ಮಹಿಳಾ ಅಭ್ಯರ್ಥಿಗಳಿಗೆ ಮದುವೆ, ಬಸಿರು, ಹೆರಿಗೆಯ ಪ್ರಶ್ನೆ ಕೇಳುವ ಅಭ್ಯಾಸ ಇನ್ನೂ ಇದೆ, ಅದನ್ನು ಬಿಡಲೇಬೇಕು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿಯಂತೆ ವಿಕಿರಣ ಕೆಲಸಗಾರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗುಲುವ ವಿಕಿರಣದ ಅಳತೆ), ಯಾವುದೇ ಒಂದು ವರ್ಷದಲ್ಲಿ 30ನ್ನು ಮೀರುವಂತಿಲ್ಲ. ಗರ್ಭಿಣಿಯೆಂದು ತಿಳಿಸಿದ ಮೇಲೆ ಉಳಿದ ಅವಧಿಯಲ್ಲಿ ಭ್ರೂಣಕ್ಕೆ 1 ಮಿಲಿಸೀವರ್ಟ್ ಮಾತ್ರ. ಅಂಥವರಿಗೆ ಎಕ್ಸ್‌ರೇ ವಿಕಿರಣವಿಲ್ಲದ ಎಂಆರ್‌ಐ ಕನ್ಸೋಲ್, ಅಲ್ಟ್ರಾಸೌಂಡ್ ಕೋಣೆ, ದಾಖಲಾತಿ ಕೆಲಸ ಹಂಚಿದರೆ ಸಾಕು. ಐವರಿಗೆ ಬದಲು ಮೂವರೇ ಇರುವ ವಿಭಾಗದಲ್ಲಿ ಮಾತ್ರ ಇದು ‘ತೊಂದರೆ’ಯಾಗಿ ಕಾಣುತ್ತದೆ.

ಸೇರಿದ ಮೇಲಿನ ಮೊದಲ ತಿಂಗಳು

ಮೈಗೆ ತಗುಲಿದ ವಿಕಿರಣವನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಬರುವ ಮೊದಲು ಯಾರನ್ನೂ ವಿಕಿರಣ ಕೋಣೆಯಲ್ಲಿ ಪಾಳಿಗೆ ಹಾಕಬೇಡಿ. ಮೂರು ತಿಂಗಳಿಗೊಮ್ಮೆ ಓದುವ ಆ ಬ್ಯಾಡ್ಜು ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ದುಡಿಯುವವರ ಮನೆಗಳಿರುವ ನಮ್ಮ ಜಿಲ್ಲೆಗೆ ಹೊಸದಲ್ಲ, ಆದರೂ ಆಸ್ಪತ್ರೆಗಳಲ್ಲಿ ಅದು ಸಿಟಿ ಕೋಣೆಯ ಮೊಳೆಗೆ ನೇತಾಡುವುದನ್ನೂ, ಒಬ್ಬರದ್ದನ್ನು ಇನ್ನೊಬ್ಬರು ಧರಿಸುವುದನ್ನೂ ಕಂಡಿದ್ದೇನೆ. ಹಿಂದಿನ ಸಂಸ್ಥೆಯಲ್ಲಿ ಪಡೆದ ವಿಕಿರಣದ ದಾಖಲೆಯನ್ನೂ ತರಿಸಿಕೊಳ್ಳಿ. ಹೊಸ ವೈದ್ಯರಿಗೆ ಮೊದಲ ಎರಡು ವಾರ ಅರ್ಧ ಹೊರೆ ಮಾತ್ರ ಕೊಟ್ಟು, ಅವರ ಎಲ್ಲ ಸಿಟಿ ವರದಿಗಳನ್ನು ಹಿರಿಯರೊಬ್ಬರು ಜೊತೆಯಲ್ಲಿ ಓದಲಿ. ತಿಂಗಳು ತುಂಬಿದ ದಿನ ಜಾಹೀರಾತಿನ ಜೊತೆ ಕೊಟ್ಟಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟು, ಹೇಳಿದ್ದಕ್ಕೂ ನಡೆದದ್ದಕ್ಕೂ ಎಲ್ಲಿ ವ್ಯತ್ಯಾಸವಾಗಿದೆಯೆಂದು ಅವರನ್ನೇ ಕೇಳಿ ಬರೆದುಕೊಳ್ಳಿ.

ನೋಟ್‌ಬುಕ್ಕಿನ ಎಣಿಕೆಯನ್ನು ವರ್ಷಕ್ಕೆ ಎರಡು ಬಾರಿ, ಜುಲೈನಲ್ಲೊಮ್ಮೆ ಮತ್ತು ಕೊಯ್ಲಿನ ಹಂಗಾಮಿನಲ್ಲೊಮ್ಮೆ ಮಾಡಿಸಿ. ಎರಡರಲ್ಲಿ ಹೆಚ್ಚಿನದ್ದನ್ನು ಪ್ರಸ್ತಾವನೆಯಲ್ಲಿ ಬಳಸಿ, ಅದರ ಹಿಂದೆ ನೋಟ್‌ಬುಕ್ಕಿನ ಪುಟಗಳ ದೃಢೀಕೃತ ಪ್ರತಿಗಳನ್ನು ಲಗತ್ತಿಸಿ, ಒಂದು ಪ್ರತಿಯನ್ನು ವಿಭಾಗದ ಕಡತದಲ್ಲಿ ಇಟ್ಟುಕೊಳ್ಳಿ. ನಿಮ್ಮ ನಂತರ ಆ ಕುರ್ಚಿಗೆ ಬರುವವರು ಮೊದಲಿನಿಂದ ಎಣಿಸಬೇಕಾಗುವುದಿಲ್ಲ.